ಬೆಕ್ಕಿಗೆ ಚೆಲ್ಲಾಟ, ಪಿಕಳಾರಕ್ಕೆ ಪ್ರಾಣಸಂಕಟ

ಬೆಳಗ್ಗೆ ಎದ್ದು ಹಲ್ಲುಜ್ಜುತ್ತಾ ಅಂಗಳಕ್ಕೆ ಬರುತ್ತೀರಿ. ಜಗಲಿಯ ಮೆಟ್ಟಿಲ ಮೇಲೆ ನಾಲ್ಕೈದು ಗರಿಗಳು ಬಿದ್ದಿವೆ. ಪಕ್ಕದಲ್ಲಿ ನಿಮ್ಮ ಮುದ್ದಿನ ಬೆಕ್ಕು ಏನೂ ಆಗದ ಹಾಗೆ ಮುಂಗಾಲು ನೆಕ್ಕುತ್ತಾ ಕೂತಿದೆ. ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದ್ದ ಪಿಕಳಾರ ಜೋಡಿಯಲ್ಲಿ ಈಗ ಒಂದೇ ಉಳಿದಿದೆ. ಅದು ತಂತಿಯ ಮೇಲೆ ಕೂತು ಒಂದೇ ಸಮನೆ ಕೂಗುತ್ತಿದೆ.

ನಿಮಗೆ ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅಣ್ಣ ಕೋಲು ಹುಡುಕುತ್ತಾನೆ. "ಗೋಣಿಯಲ್ಲಿ ಹಾಕಿ ದೂರದ ಪೇಟೆಯಲ್ಲಿ ಬಿಟ್ಟು ಬರ್ತೇನೆ" ಅಂತಾರೆ ಅಪ್ಪ. "ಬೆಕ್ಕು ಹೋದರೆ ಅಕ್ಕಿ ಮೂಟೆಯನ್ನು ಇಲಿಯಿಂದ ಕಾಯುವವರು ಯಾರು? ನೀನಾ?" ಅಂತ ಅಜ್ಜಿ ಕೇಳುತ್ತಾರೆ.

ಮಕ್ಕಳೇ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ನಡೆಯುವ ಮಾತುಕತೆ ಇದು. ಕೋಲಿಗೂ ಗೋಣಿಗೂ ಕೈ ಹಾಕುವ ಮೊದಲು ವಿಜ್ಞಾನ ಏನು ಹೇಳುತ್ತದೆ ನೋಡೋಣ.

ಬೆಕ್ಕು ಮಾಡಿದ್ದು ತಪ್ಪಾ?

ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನ ಧಾನ್ಯ ಬೆಳೆದು ಕೂಡಿಡಲು ತೊಡಗಿದರು. ಧಾನ್ಯ ಹುಡುಕಿಕೊಂಡು ಇಲಿ ಬಂತು, ಇಲಿಯ ಬೆನ್ನು ಹಿಡಿದು ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಹತ್ತಿರವೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅಂದರೆ ಬೆಕ್ಕನ್ನು ನಾವು ಮನೆಗೆ ಬಿಟ್ಟುಕೊಂಡದ್ದೇ ಅದು ಬೇಟೆಗಾರ ಎಂಬ ಕಾರಣಕ್ಕೆ. ಈಗ "ಇಲಿ ಹಿಡಿ, ಹಕ್ಕಿ ಬಿಡು" ಅಂದರೆ ಅದಕ್ಕೆ ಹೇಗೆ ಅರ್ಥ ಆಗಬೇಕು? ಸಣ್ಣದಾಗಿದ್ದು ಸರಸರ ಅಲುಗಾಡುವುದೆಲ್ಲ ಅದಕ್ಕೆ ಬೇಟೆಯೇ.

ಹಾಗಾಗಿ ಕೋಲಿನಿಂದ ಪ್ರಯೋಜನ ಇಲ್ಲ. ಹಕ್ಕಿ ಹಿಡಿದು ಅರ್ಧ ಗಂಟೆ ಆದ ಮೇಲೆ ನೀವು ಹೊಡೆದರೆ, ಯಾವುದಕ್ಕೆ ಹೊಡೆದಿರಿ ಅಂತ ಬೆಕ್ಕಿಗೆ ತಿಳಿಯುವುದಿಲ್ಲ. ಅದು ಕಲಿಯುವುದು ನಿಮ್ಮನ್ನು ಕಂಡರೆ ಓಡಬೇಕು ಎಂಬ ಪಾಠವನ್ನು ಮಾತ್ರ.

ಹೊಟ್ಟೆ ತುಂಬಿದರೂ ಬೇಟೆ ಯಾಕೆ?

"ದಿನಾ ಎರಡು ಹೊತ್ತು ಅನ್ನ ಹಾಕ್ತೇವೆ, ಆದರೂ ಹೀಗೆ ಮಾಡ್ತದಲ್ಲ!" ಅಂತ ಅಮ್ಮ ಹೇಳುವುದನ್ನು ಕೇಳಿರುತ್ತೀರಿ. ಬೆಕ್ಕಿನ ಮಿದುಳಿನಲ್ಲಿ ಹಸಿವು ಬೇರೆ, ಬೇಟೆಯ ಆಸೆ ಬೇರೆ. ಕಾಡಿನಲ್ಲಿ ಹಾರಿದ ಪ್ರತಿ ಸಲವೂ ಬೇಟೆ ಸಿಕ್ಕುವುದಿಲ್ಲ. ಹಸಿವಾದ ಮೇಲೆ ಹುಡುಕಿದರಾಯ್ತು ಅಂತ ಕೂತರೆ ಉಪವಾಸವೇ ಗತಿ. ಆದ್ದರಿಂದ ಅವಕಾಶ ಸಿಕ್ಕಿದಾಗಲೆಲ್ಲ ಅದು ಹಾರುತ್ತದೆ.

ಇದರ ಜೊತೆ ಇನ್ನೊಂದು ವಿಷಯ ಇದೆ. ನಾವು ಹಾಕುವುದೇನು? ಹಾಲನ್ನ, ಮೊಸರನ್ನ. ಬೆಕ್ಕು ಪೂರ್ತಿ ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ವಸ್ತು ಬೇಕೇ ಬೇಕು. ಅದು ಮೀನು, ಮಾಂಸದಲ್ಲಿ ಇದೆ, ಅನ್ನದಲ್ಲಿ ಇಲ್ಲ. ಬರೀ ಅನ್ನ ತಿಂದ ಬೆಕ್ಕಿನ ಹೊಟ್ಟೆ ತುಂಬಬಹುದು, ದೇಹದ ಕೊರತೆ ತುಂಬುವುದಿಲ್ಲ.

ಹಕ್ಕಿಯ ಕಡೆಯ ಲೆಕ್ಕ

ಪಿಕಳಾರ ಆಳೆತ್ತರದ ಗಿಡಗಳಲ್ಲೇ ಗೂಡು ಕಟ್ಟುತ್ತದೆ. ಇಡುವುದು ಎರಡೋ ಮೂರೋ ಮೊಟ್ಟೆ. ಮರಿಗಳು ಸರಿಯಾಗಿ ಹಾರಲು ಕಲಿಯುವ ಮೊದಲೇ ಗೂಡಿನಿಂದ ಹೊರಗೆ ಬರುತ್ತವೆ. ಕೆಲವು ದಿನ ಪೊದೆಗಳಲ್ಲಿ ಕುಪ್ಪಳಿಸುತ್ತಾ ತಂದೆತಾಯಿ ತರುವ ತುತ್ತಿಗೆ ಬಾಯಿ ತೆರೆಯುತ್ತವೆ. ಬೆಕ್ಕಿಗೆ ಸುಲಭವಾಗಿ ಸಿಗುವುದು ಆಗಲೇ. ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ, ನೆಲದಲ್ಲಿ ತರಗೆಲೆ ಕೆದಕುವ ಹರಟೆಮಲ್ಲ, ಅಂಗಳದಲ್ಲಿ ಓಡಾಡುವ ಮಡಿವಾಳ ಹಕ್ಕಿ, ಎಲ್ಲಕ್ಕೂ ಇದೇ ಅಪಾಯ.

ಹೋದರೆ ಹೋಯ್ತು ಅನ್ನುವ ಹಾಗಿಲ್ಲ. ನಿಮ್ಮ ಹಿತ್ತಿಲಲ್ಲಿ ಯಾರೂ ನೆಡದೆ ಗಾಂಧಾರಿ ಮೆಣಸು ಹುಟ್ಟುತ್ತದಲ್ಲ, ಅದರ ಬೀಜ ತಂದು ಹಾಕುವುದು ಹಕ್ಕಿಗಳೇ. ಮೆಣಸಿನ ಖಾರ ಅವಕ್ಕೆ ತಾಗುವುದೇ ಇಲ್ಲ! ಗಿಡಗಳ ಹುಳ ಹೆಕ್ಕಿ ತಿನ್ನುವುದೂ ಅವೇ.

ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಆ ಲೆಕ್ಕವನ್ನು ಹಾಗೆಯೇ ನಮ್ಮೂರಿಗೆ ಅಂಟಿಸುವಂತಿಲ್ಲ. ಆದರೆ ಅದರಲ್ಲಿ ಒಂದು ಮುಖ್ಯ ಅಂಶ ಇದೆ: ಹೆಚ್ಚಿನ ಹಕ್ಕಿಗಳನ್ನು ಕೊಂದದ್ದು ಮನೆಯಿಲ್ಲದ ಬೆಕ್ಕುಗಳು. ಈಗ ಅಪ್ಪನ ಗೋಣಿಯ ಉಪಾಯ ನೆನಪಿಸಿಕೊಳ್ಳಿ. ಪೇಟೆಯಲ್ಲಿ ಬಿಟ್ಟ ಬೆಕ್ಕು ಹಸಿವಿನಿಂದ ಇನ್ನಷ್ಟು ಬೇಟೆ ಆಡುತ್ತದೆ, ಅಲ್ಲೇ ಮರಿ ಹಾಕುತ್ತದೆ. ನಮ್ಮ ಅಂಗಳದ ಸಮಸ್ಯೆ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ, ಅಷ್ಟೇ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಗಂಟೆ ಕಟ್ಟಿದರೆ ಆಯ್ತಾ?

"ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?" ಎಂಬ ಇಲಿಗಳ ಕಥೆ ನಿಮಗೆ ಗೊತ್ತು. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಿಜಕ್ಕೂ ಕಟ್ಟಿ ನೋಡಿದರು. 219 ಮನೆಗಳ 355 ಬೆಕ್ಕುಗಳ ಮೇಲೆ 12 ವಾರ ಪ್ರಯೋಗ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಹಿಂದಿನ ಕೆಲವು ಪ್ರಯೋಗಗಳಲ್ಲಿ ಗಂಟೆ ಉಪಯೋಗಕ್ಕೆ ಬಂದದ್ದೂ ಇದೆ. ವಿಜ್ಞಾನದಲ್ಲಿ ಹೀಗಾಗುತ್ತದೆ, ಅದಕ್ಕೇ ಮತ್ತೆ ಮತ್ತೆ ಪರೀಕ್ಷಿಸುವುದು.

ಹೆಚ್ಚು ಮಾಂಸವಿರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ತಂದ ಬೇಟೆ ಶೇಕಡಾ 36ರಷ್ಟು ಕಡಿಮೆ ಆಯಿತು. ದಿನಕ್ಕೆ ಐದು–ಹತ್ತು ನಿಮಿಷ ಮನೆಯವರು ಆಟ ಆಡಿಸಿದ ಬೆಕ್ಕುಗಳಲ್ಲಿ ಶೇಕಡಾ 25ರಷ್ಟು ಇಳಿಯಿತು. ಕುತ್ತಿಗೆಗೆ ಎದ್ದು ಕಾಣುವ ಬಣ್ಣದ ಬಟ್ಟೆಯ ಪಟ್ಟಿ ಹಾಕಿದ ಬೆಕ್ಕುಗಳು ತಂದ ಹಕ್ಕಿಗಳ ಸಂಖ್ಯೆ ಶೇಕಡಾ 42ರಷ್ಟು ಕಡಿಮೆ ಆಯಿತು. ಆದರೆ ಆ ಬೆಕ್ಕುಗಳು ಇಲಿಯಂಥ ಪ್ರಾಣಿಗಳನ್ನು ಹಿಡಿಯುವುದು ಕಡಿಮೆ ಆಗಲಿಲ್ಲ.

ಇದು ಹೇಗೆ? ಹಕ್ಕಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ನಾಲ್ಕು ಬಗೆಯವು, ನಮ್ಮಲ್ಲಿ ಮೂರು. ಹುಲ್ಲಿನ ಮರೆಯಲ್ಲಿ ಕೆಂಪು ಹಳದಿ ಪಟ್ಟಿ ಅಲುಗಾಡಿದರೆ ಹಕ್ಕಿ ದೂರದಿಂದಲೇ ಕಂಡು ಹಾರುತ್ತದೆ. ಇಲಿಗೆ ಬಣ್ಣ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅದು ತಿರುಗಾಡುವುದೂ ಕತ್ತಲೆಯಲ್ಲಿ. "ಇಲಿ ಹಿಡಿ, ಹಕ್ಕಿ ಬಿಡು" ಎಂದು ಬೆಕ್ಕಿಗೆ ಹೇಳಲು ಆಗಲಿಲ್ಲ ಅಲ್ವಾ? ಆ ಕೆಲಸವನ್ನು ಒಂದು ತುಂಡು ಬಟ್ಟೆ ತಕ್ಕಮಟ್ಟಿಗೆ ಮಾಡುತ್ತದೆ.

ನಮ್ಮ ಮನೆಯಲ್ಲಿ ಏನು ಮಾಡಬಹುದು?

• ಹೊಲಿಗೆಯವರ ಹತ್ತಿರ ಸಿಗುವ ಬಣ್ಣದ ತುಂಡು ಬಟ್ಟೆಯಿಂದ ಎರಡು ಬೆರಳಗಲದ ಪಟ್ಟಿ ಮಾಡಿ. ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಕೊಂಬೆಗೆ ಸಿಕ್ಕಿಕೊಂಡರೆ ಕೂಡಲೇ ಬಿಟ್ಟುಕೊಳ್ಳುವಂತೆ ಒಂದೇ ಎಳೆ ನೂಲಿನಿಂದ ಜೋಡಿಸಿ. ಗಟ್ಟಿ ಗಂಟು ಬೆಕ್ಕಿನ ಜೀವಕ್ಕೇ ಅಪಾಯ.

• ಮೀನು ತರುವ ಮನೆಯಾದರೆ ಉಪ್ಪು ಮಸಾಲೆ ಹಾಕದೆ ಬೇಯಿಸಿ, ಮುಳ್ಳು ತೆಗೆದು ಬೆಕ್ಕಿಗೂ ಒಂದು ಪಾಲು ಕೊಡಿ. ತರದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡಬಹುದು.

• ದಾರದ ತುದಿಗೆ ಕಾಗದದ ಉಂಡೆ ಕಟ್ಟಿ ದಿನಾ ಹತ್ತು ನಿಮಿಷ ಆಡಿಸಿ.

• ಹಕ್ಕಿಗಳು ಮರಿ ಮಾಡುವ ಬೇಸಿಗೆಯಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಬೆಕ್ಕನ್ನು ಒಳಗೇ ಇರಿಸಿಕೊಳ್ಳಿ.

• ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತಾರಲ್ಲ, ಗೂಡಿರುವ ಮರಕ್ಕೂ ಹಾಗೆ ಸುತ್ತಬಹುದು. ಹಕ್ಕಿಗೆ ನೀರಿಡುವ ಚಟ್ಟಿ ಪೊದೆಯ ಬುಡದಲ್ಲಿ ಬೇಡ, ಬಯಲಿನಲ್ಲಿ ಇರಲಿ.

• ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಯ ಬಗ್ಗೆ ಮೃಗಾಸ್ಪತ್ರೆಯಲ್ಲಿ ವಿಚಾರಿಸಲು ಹಿರಿಯರಿಗೆ ಹೇಳಿ.

ಬೆಕ್ಕಿನ ಬಾಯಿಯಿಂದ ಬಿಡಿಸಿದ ಹಕ್ಕಿ ಚೆನ್ನಾಗಿಯೇ ಇರುವಂತೆ ಕಂಡರೂ ನಂಬಬೇಡಿ. ಹಲ್ಲು ತಾಗಿದ ಸಣ್ಣ ಗಾಯದಿಂದ ರೋಗಾಣು ಒಳಗೆ ಹೋಗಿ ಒಂದೆರಡು ದಿನದಲ್ಲಿ ಅದು ಸಾಯಬಹುದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೇಗ ಮೃಗಾಸ್ಪತ್ರೆಗೆ ಮುಟ್ಟಿಸಿ. ಬಿಡಿಸುವಾಗ ನಿಮಗೇ ಪರಚಿದರೆ ಅಥವಾ ಕಚ್ಚಿದರೆ 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಮನೆಯಲ್ಲಿ ಮುಚ್ಚಿಡದೆ ಹೇಳಿ, ಆಸ್ಪತ್ರೆಗೆ ಹೋಗಿ.

ನೀವೇ ಮಾಡುವ ಪ್ರಯೋಗ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಪಟ್ಟಿ ಇಲ್ಲದೆ, ಎರಡು ವಾರ ಪಟ್ಟಿಯೊಂದಿಗೆ, ಮತ್ತೆ ಹೀಗೆಯೇ ಒಂದು ಸುತ್ತು, ಬೆಕ್ಕು ಏನೇನು ತಂದಿತು ಅಂತ ದಿನಾ ಬರೆಯಿರಿ: ಇಲಿ, ಓತಿ, ಹಕ್ಕಿ. ಆ ದಿನಗಳಲ್ಲಿ ಊಟ ಬದಲಿಸಬೇಡಿ. ಬದಲಿಸಿದರೆ ಫಲ ಯಾವುದರದ್ದು ಅಂತ ತಿಳಿಯದು. ತರಗತಿಯ ಐದಾರು ಮಂದಿ ಸೇರಿ ಮಾಡಿದರೆ ವಿಜ್ಞಾನ ಮೇಳಕ್ಕೆ ಒಳ್ಳೆಯ ವಿಷಯ ಆಯ್ತು.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 55 ಬೆಕ್ಕುಗಳ ಕುತ್ತಿಗೆಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದಾಗ, ಹಿಡಿದ ಬೇಟೆಯಲ್ಲಿ ಅವು ಮನೆಗೆ ತಂದದ್ದು ಸುಮಾರು ಕಾಲು ಭಾಗ ಮಾತ್ರ. ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಹಕ್ಕಿ ಇದ್ದರೆ, ಹೊರಗೆ ಇನ್ನೂ ಕೆಲವು ಇರಬಹುದು ಅಂತ ನೆನಪಿರಲಿ.

ಅಣ್ಣನ ಕೋಲು ಮೂಲೆಗೆ ಹೋಗಲಿ, ಅಪ್ಪನ ಗೋಣಿ ಅಡಿಕೆ ತುಂಬಿಸಲು ಇರಲಿ. ಅಜ್ಜಿಯ ಮಾತು ಸರಿ, ಬೆಕ್ಕು ಬೇಕು. ಪಿಕಳಾರವೂ ಬೇಕು. ಒಂದನ್ನು ಸಾಕಿದವರು ನಾವು. ಹಾಗಾಗಿ ಇನ್ನೊಂದನ್ನು ಕಾಯುವ ಕೆಲಸವೂ ನಮ್ಮದೇ. ಇವತ್ತು ಸಂಜೆ ಬಣ್ಣದ ಬಟ್ಟೆ ಹುಡುಕುತ್ತೀರಲ್ವಾ?