ಶೆಡ್ಡಿನ ಜೀಪನ್ನು ಎಳೆದು ಎಬ್ಬಿಸಬೇಡಿ

ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರಾ ಕಂಪನಿ ಭಾರತದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆ ವಂಶದ ಸಿಜೆ 3ಬಿ, ಎಂಎಂ 540 ಮುಂತಾದವು ಮಲೆನಾಡು, ಕೊಡಗಿನ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಕಾಳು ಹೊತ್ತು ದುಡಿದು ಕೊನೆಗೆ ಶೆಡ್ಡಿನ ಮೂಲೆ ಸೇರಿದವು. ಈಗ ಅವನ್ನು ಮತ್ತೆ ರಸ್ತೆಗಿಳಿಸುವ ಆಸೆ ಹಲವರದು. ಇಂಥ ಜೀಪು ಕೆಡುವುದು ವಯಸ್ಸಿಗಿಂತ ಹೆಚ್ಚಾಗಿ ನಿಂತಿದ್ದರಿಂದ. ಉಳಿದದ್ದನ್ನು ಕೆಡಿಸುವುದು ಹೊರತೆಗೆದ ದಿನದ ಅವಸರ.

ನಂಬಿಕೆ: ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಎಂಜಿನ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ವಾಸ್ತವ: ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿರಬಹುದು. ಬೇರಿಂಗುಗಳ ಮೇಲಿನ ಎಣ್ಣೆ ಇಳಿದುಹೋಗಿರುತ್ತದೆ. ಗೇರಿಗೆ ಹಾಕಿ ಎಳೆದರೆ ರಿಂಗ್ ಮುರಿಯುತ್ತದೆ, ಸಿಲಿಂಡರ್ ಗೀರುತ್ತದೆ. ಪೆಟ್ರೋಲ್ ಜೀಪಾದರೆ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಸು ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಬೇಕು. ಆಮೇಲೆ ಸ್ಪ್ಯಾನರ್ ಹಿಡಿದು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ತಿರುಗಿಸಬೇಕು. ಸಲೀಸಾಗಿ ತಿರುಗಿದ ಮೇಲೆ, ತೂತುಗಳು ತೆರೆದಿರುವಾಗಲೇ ಸ್ಟಾರ್ಟರಿನಿಂದ ಸುತ್ತಿಸಿದರೆ ಉಳಿದ ಎಣ್ಣೆ ಹೊರಗೆ ಚಿಮ್ಮುತ್ತದೆ. ಈ ಹಂತ ಬಿಟ್ಟು ಎಲ್ಲ ಬಿಗಿದರೆ ಎಣ್ಣೆ ಅದುಮಿಕೊಳ್ಳದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಬ್ಯಾಟರಿ ಜೋಡಿಸುವ ಮುನ್ನ ಇಲಿ ಕಡಿದ ವೈರು, ಏರ್ ಕ್ಲೀನರಿನೊಳಗಿನ ಗೂಡು ಹುಡುಕಬೇಕು; ಹಳೆ ಎಂಜಿನ್ ಆಯಿಲ್ ತೆಗೆದು ಹೊಸದು ತುಂಬಿರಬೇಕು.

ನಂಬಿಕೆ: ಟ್ಯಾಂಕಿನಲ್ಲಿ ಉಳಿದ ಇಂಧನಕ್ಕೆ ಹೊಸದನ್ನು ಸೇರಿಸಿದರೆ ಸಾಕು.

ವಾಸ್ತವ: ಹಳೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಬೇಕು. ಡೀಸೆಲ್ ಆದರೆ ಲೈನಿನ ಏರ್ ತೆಗೆಯಬೇಕು.

ನಂಬಿಕೆ: ಎಂಜಿನ್ ಸ್ಟಾರ್ಟ್ ಆದರೆ ಜೀಪು ತಯಾರಾದಂತೆ.

ವಾಸ್ತವ: ಹೊರಡುವ ಮುನ್ನ ನಿಲ್ಲುವುದನ್ನು ಸರಿಪಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಆ ನೀರಿನಿಂದ ವೀಲ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿಯುತ್ತವೆ. ಹಳೆಯ ಹಲವು ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೇ ಹೋಗುತ್ತದೆ. ಟೈರಿನ ಗುಂಡಿ ಆಳವಾಗಿದೆ ಎಂದು ನೆಚ್ಚಬಾರದು. ಅದರ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿ ತಯಾರಾದ ವಾರ, ವರ್ಷ ಹೇಳುತ್ತದೆ: 2312 ಎಂದರೆ 2012ರ 23ನೇ ವಾರ. ಓಡದೆಯೂ ರಬ್ಬರ್ ಒಣಗಿ ಬಿರಿಯುತ್ತದೆ.

ನಂಬಿಕೆ: ಪ್ರೆಶರ್ ವಾಟರಿನಲ್ಲಿ ಜೋರಾಗಿ ಹೊಡೆದಷ್ಟೂ ಸ್ವಚ್ಛ.

ವಾಸ್ತವ: ಮಣ್ಣು ಹೋಗುತ್ತದೆ, ಜೊತೆಗೆ ನೀರು ಸೀಲು ದಾಟಿ ಚಕ್ರದ ಬೇರಿಂಗ್, ಮುಂದಿನ ಆಕ್ಸಲಿನ ಗುಂಡು ಕೀಲು ಹೊಗುತ್ತದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗಿಗೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗಿಗೆ ಗಾಳಿಯಾಡಿಸುವ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ಸಂದಿನಿಂದಲೇ ನೀರು ಒಳಸೇರುತ್ತದೆ. ಗೇರ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಒಣ ಮಣ್ಣನ್ನು ಮೊದಲು ಕೆರೆದು, ಬ್ರಷ್ಷಿನಲ್ಲಿ ಉಜ್ಜಿ, ಕಡಿಮೆ ಒತ್ತಡದ ನೀರು ಬಿಡುವುದು ಮೇಲು. ನೆಲದ ತಗಡಿನ ಕೆಳಪಟ್ಟಿ, ಚಾಸಿಯ ಸಂದುಗಳಲ್ಲಿ ಕೂತ ಕೆಸರು ವರ್ಷಪೂರ್ತಿ ತೇವ ಹಿಡಿದಿಡುತ್ತದೆ. ಅಲ್ಲೇ ತುಕ್ಕು ಮೊದಲು ತಿನ್ನುವುದು.

ನಂಬಿಕೆ: ಚಾಸಿಗೆ ಸುಟ್ಟ ಆಯಿಲ್ ಬಳಿದರೆ ತುಕ್ಕು ಹತ್ತಿರ ಸುಳಿಯದು.

ವಾಸ್ತವ: ಎಣ್ಣೆಯ ಪದರ ಕೊಂಚ ಕಾಲ ನೀರನ್ನು ತಡೆಯುವುದು ನಿಜ. ಆದರೆ ಸುಟ್ಟ ಆಯಿಲಿನಲ್ಲಿ ಆಮ್ಲ, ಲೋಹದ ಪುಡಿ ಸೇರಿರುತ್ತವೆ. ಬ್ರೇಕ್ ಹೋಸ್, ಬುಷ್, ಮೌಂಟಿಂಗುಗಳ ರಬ್ಬರ್ ಉಬ್ಬುತ್ತದೆ. ತೊಟ್ಟಿಕ್ಕಿದ್ದು ತೋಟದ ಮಣ್ಣಿಗೂ ತೊರೆಗೂ ಇಳಿಯುತ್ತದೆ. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೂ ಅಷ್ಟೇ: ಒಳಗೆ ತಗಡು ಕರಗುತ್ತಲೇ ಇರುತ್ತದೆ. ಸಡಿಲ ತುಕ್ಕನ್ನು ವೈರ್ ಬ್ರಷ್ಷಿನಿಂದ ಕೆರೆದು, ತೂತಾದ ಕಡೆ ಹೊಸ ತಗಡು ಬೆಸೆದು, ಪ್ರೈಮರ್ ಕೊಟ್ಟ ಮೇಲೆ ಬಣ್ಣ.

ನಂಬಿಕೆ: ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೆ ಡಾಂಬರಿನಲ್ಲೂ ಹಿಡಿತ ಹೆಚ್ಚು.

ವಾಸ್ತವ: ಈ ಜೀಪುಗಳಲ್ಲಿ ಹಿಂದಿನ, ಮುಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ತೀರುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಗೇರು, ಶಾಫ್ಟುಗಳು ಬಿಗಿದು ತಿರುಚಿಕೊಳ್ಳುತ್ತವೆ.

ನಂಬಿಕೆ: 15 ವರ್ಷ ದಾಟಿದ ಜೀಪು ಗುಜರಿಗೇ.

ವಾಸ್ತವ: ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಮಾತು ಹುಟ್ಟಿದ್ದು ದೆಹಲಿ ರಾಜಧಾನಿ ಪ್ರದೇಶಕ್ಕಾಗಿ. ಉಳಿದೆಡೆ ಖಾಸಗಿ ವಾಹನದ ಆರ್‌ಸಿಯನ್ನು 15 ವರ್ಷದ ಬಳಿಕ ತಪಾಸಣೆಗೆ ಒಡ್ಡಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಿಜವಾದ ತೊಡಕು ಬೇರೆ ಕಡೆ ಇದೆ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಜೀಪುಗಳು ನಮ್ಮಲ್ಲಿ ಸಾಕಷ್ಟಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಆದ್ದರಿಂದ ಟಿಂಕರಿಂಗಿಗೆ ಮುಂಗಡ ಕೊಡುವ ಮೊದಲೇ ಎಂಜಿನ್, ಚಾಸಿ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಿ. ಚಾಸಿ ಸಂಖ್ಯೆ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸದಂತೆ ಮೇಸ್ತ್ರಿಗೆ ಹೇಳಿಡಿ; ತುಕ್ಕಿನ ಜೊತೆ ಅಂಕಿಯೂ ಸವೆದುಹೋದರೆ ಎಷ್ಟು ಚೆಂದದ ಜೀಪಾದರೂ ತಪಾಸಣೆಯಲ್ಲಿ ನಿಲ್ಲದು.