ಗ್ರಂಥಭಂಡಾರದ ಪಂಡಿತನೂ ಭಯಾನಕಕಥೆಗಳೂ

ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಭಯವು ಅದರ ಸ್ಥಾಯಿಭಾವ. ಆದರೂ ಪ್ರೇತಕಥೆಗಳನ್ನು ಕಾಲಹರಣದ ವಾಚನವೆಂದು ವಿದ್ವಾಂಸರು ಬದಿಗಿಡುವುದುಂಟು. ಇಂತಹ ಉಪೇಕ್ಷೆಯಿಂದ ಒದಗುವ ಹಾನಿಯೆಂತಹದು, ಅದಕ್ಕೆ ಪರಿಹಾರವಾವುದು ಎಂಬುದಕ್ಕೆ ಇಂಗ್ಲೆಂಡಿನ ಎಂ. ಆರ್. ಜೇಮ್ಸನ (1862–1936) ಕಾರ್ಯವು ಉತ್ತಮ ನಿದರ್ಶನವಾಗಿದೆ.

ಜೇಮ್ಸನು ಕೇಂಬ್ರಿಜ್ಜಿನ ಕಾಲೇಜುಗಳ ಗ್ರಂಥಭಂಡಾರಗಳಲ್ಲಿದ್ದ ಪ್ರಾಚೀನ ಹಸ್ತಪ್ರತಿಗಳಿಗೆ ವಿವರಣಾತ್ಮಕ ಸೂಚಿಗಳನ್ನು ರಚಿಸಿದವನು. 1893 ರಿಂದ 1908 ರ ವರೆಗೆ ಅಲ್ಲಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದ ನಿರ್ದೇಶಕನಾಗಿದ್ದವನು. ತಾನೂ ಪ್ರೇತಕಥೆಗಳನ್ನು ಬರೆದು, 1904 ರಲ್ಲಿ ತನ್ನ ಮೊದಲ ಸಂಕಲನವನ್ನು ಹೊರತಂದನು. ಆದರೆ ಅವನ ಆಸಕ್ತಿಯು ಸ್ವಂತ ರಚನೆಯಲ್ಲಿಯೇ ನಿಲ್ಲಲಿಲ್ಲ.

ಡಬ್ಲಿನ್ ನಗರದ ಶೆರಿಡನ್ ಲೆ ಫಾನು (1814–1873) ಎಂಬ ಕಥೆಗಾರನ ಅನೇಕ ಕೃತಿಗಳು ಕರ್ತೃನಾಮವಿಲ್ಲದೆ ಹಳೆಯ ಪತ್ರಿಕೆಗಳಲ್ಲಿ ಹುದುಗಿದ್ದುವು. ಜೇಮ್ಸನು ಅವನ್ನು ಅರಸಿ, ಕರ್ತೃತ್ವವನ್ನು ವಿವೇಚಿಸಿ, 12 ಕಥೆಗಳನ್ನು 1923 ರಲ್ಲಿ ‘ಮೇಡಂ ಕ್ರೌಲ್ಸ್ ಘೋಸ್ಟ್’ ಎಂಬ ಸಂಪುಟವಾಗಿ ಪ್ರಕಟಿಸಿದನು. ಪ್ರೇತಕಥೆಗಾರರಲ್ಲಿ ಲೆ ಫಾನುವಿಗೆ ಅಗ್ರಸ್ಥಾನವು ಸಲ್ಲತಕ್ಕದ್ದೆಂದು ಅದರಲ್ಲಿ ಪ್ರತಿಪಾದಿಸಿದನು. ಅರ್ಧಶತಮಾನದ ಹಿಂದೆ ತೀರಿಕೊಂಡಿದ್ದ ಲೇಖಕನು ಇದರಿಂದ ಮತ್ತೆ ವಾಚಕರ ಕೈಸೇರಿದನು.

ಪುಷ್ಪಿಕೆಯಿಲ್ಲದ ಓಲೆಯಕಟ್ಟಿಗೂ ಹೆಸರಿಲ್ಲದೆ ಅಚ್ಚಾದ ಕಥೆಗೂ ಒದಗುವ ಗತಿಯೊಂದೇ: ಗುರುತಿಸುವವರಿಲ್ಲದಿದ್ದರೆ ಎರಡೂ ಲುಪ್ತವಾಗುವುವು. ಧರ್ಮಗ್ರಂಥಗಳ ಪ್ರತಿಗಳಿಗೆ ಸಲ್ಲಿಸಿದ ಶ್ರದ್ಧೆಯನ್ನೇ ಜೇಮ್ಸನು ಭೂತಪ್ರೇತಗಳ ಕಥೆಗೂ ಸಲ್ಲಿಸಿದನು. ಯಾವುದು ಸಾಹಿತ್ಯ, ಯಾವುದಲ್ಲ ಎಂಬ ತೀರ್ಪು ಆಮೇಲಿನದು. ಮೊದಲು ಕೃತಿಯು ಉಳಿದಿರಬೇಕಷ್ಟೆ.