ರೊಟ್ಟಿ ಬಿಡಬೇಡಿ, ಎಣಿಸಿ ತಿನ್ನಿ

"ಅನ್ನ ಮುಟ್ಟಂಗಿಲ್ರೀ ಸರ, ಬರೇ ಜ್ವಾಳದ ರೊಟ್ಟಿ ತಿಂತೀನಿ. ಆದ್ರೂ ಶುಗರ್ ಇಳೀವಲ್ದು ನೋಡ್ರೀ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ವಿಜಯಪುರ ಜಿಲ್ಲೆಯ ಯಾವ ಊರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ. ಮಾಡಬೇಕಾದ್ದನ್ನೆಲ್ಲ ಮಾಡಿದ್ದೀನಿ, ಆದರೂ ಯಾಕೆ ಹೀಗೆ ಅನ್ನೋ ಬೇಸರ ಆ ಮಾತಲ್ಲಿದೆ. ನಾನು ಡಾಕ್ಟರ್ ಅಲ್ಲ, ಎಂಜಿನಿಯರಿಂಗ್ ಓದಿದವನು. ಅದಕ್ಕೆ ಇವತ್ತು ಭಾಷಣ ಬೇಡ, ಲೆಕ್ಕ ಹಾಕೋಣ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಏರಿಸೋದು ಮುಖ್ಯವಾಗಿ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ ಸುಮಾರು 78 ಗ್ರಾಂ. ಗೋಧಿ ಹಿಟ್ಟಿನಲ್ಲಿ 64. ಜೋಳದಲ್ಲಿ? 68 ಗ್ರಾಂ. ನೋಡಿದ್ರಾ? ಅಕ್ಕಿಗೂ ಜೋಳಕ್ಕೂ ಇರೋ ಅಂತರ 10 ಗ್ರಾಂ ಅಷ್ಟೇ.

ಹಾಗಾದರೆ ಜೋಳ ಒಳ್ಳೆಯದಲ್ವಾ? ಖಂಡಿತ ಒಳ್ಳೆಯದು. 100 ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ. ಆದರೆ ನಿಧಾನವಾಗಿ ಬಂದರೂ ಬರೋದು ಸಕ್ಕರೆಯೇ. ಐಸಿಎಂಆರ್ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ದೇಶದ ಎಲ್ಲ ರಾಜ್ಯಗಳಲ್ಲಿ ದೊಡ್ಡ ಅಧ್ಯಯನ ನಡೆಸಿವೆ. ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಹೇಳಿದ್ದು ಇದೇ ಅಧ್ಯಯನ. 2025ರಲ್ಲಿ ಬಂದ ಅದರ ಇನ್ನೊಂದು ವರದಿಯ ಮಾತು ನಮ್ಮ ವಿಜಯಪುರದವರಿಗೆ ಹೇಳಿದ ಹಾಗಿದೆ: ಅಕ್ಕಿ, ಮೈದಾ ಬಿಟ್ಟು ಗೋಧಿಗೋ ಸಿರಿಧಾನ್ಯಕ್ಕೋ ಬದಲಾಯಿಸಿದರೆ ಸಾಲದು, ಒಟ್ಟು ಕಾರ್ಬ್ ಕಡಿಮೆಯಾಗದೆ ಅಪಾಯ ಇಳಿಯಲ್ಲ.

ಈಗ ಅಡುಗೆಮನೆಗೆ ಬನ್ನಿ. ತೂಕದ ಯಂತ್ರ ಬೇಡ. ಒಂದು ಕಿಲೋ ಜೋಳದ ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ರೊಟ್ಟಿ ಆಗುತ್ತೆ ಅಂತ ಎಣಿಸಿ. ಕಿಲೋ ಹಿಟ್ಟಿನಲ್ಲಿರೋ ಕಾರ್ಬ್ ಸುಮಾರು 680 ಗ್ರಾಂ. ಅದನ್ನು ರೊಟ್ಟಿಗಳ ಸಂಖ್ಯೆಯಿಂದ ಭಾಗಿಸಿ. 20 ರೊಟ್ಟಿ ಆದರೆ ಒಂದಕ್ಕೆ 34 ಗ್ರಾಂ. ತೆಳ್ಳಗೆ ಬಡಿದು 25 ಮಾಡಿದರೆ 27 ಗ್ರಾಂ. ದಪ್ಪ ಮಾಡಿ 16ಕ್ಕೆ ಮುಗಿಸಿದರೆ ಒಂದೊಂದರಲ್ಲೂ 42 ಗ್ರಾಂ. "ಎರಡೇ ರೊಟ್ಟಿ ತಿಂತೀನಿ" ಅನ್ನೋ ಇಬ್ಬರು ಒಂದೇ ಸಮ ತಿಂದಿದ್ದಾರೆ ಅಂತ ಹೇಳೋಕಾಗಲ್ಲ. ಖಡಕ್ ರೊಟ್ಟಿ ಮಾಡಿದರೂ ಲೆಕ್ಕ ಇದೇ. ಒಣಗೋದು ನೀರು, ಹಿಟ್ಟಲ್ಲ.

ಈಗ ಒಂದು ದಿನದ ಊಟ ನೋಡೋಣ. ಮಧ್ಯಾಹ್ನ ಮೂರು ರೊಟ್ಟಿ, 102 ಗ್ರಾಂ. ಮೇಲೊಂದಿಷ್ಟು ಅನ್ನ ಸಾರು. 50 ಗ್ರಾಂ ಅಕ್ಕಿಯ ಅನ್ನ ಅಂದರೆ 39 ಗ್ರಾಂ. ಒಂದು ಹೊತ್ತಿಗೆ 141. ರಾತ್ರಿಯೂ ಅಷ್ಟೇ ಅಂದುಕೊಳ್ಳಿ, 282. ದಿನಕ್ಕೆ ಮೂರು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ, ಅದು 24 ಗ್ರಾಂ. ಒಟ್ಟು 306. ಬೆಳಗಿನ ಉಪ್ಪಿಟ್ಟು, ಸಂಜೆಯ ಚುರುಮುರಿ, ಮಿರ್ಚಿ ಭಜಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ!

ಹಾಗಾದರೆ ಎಷ್ಟು ತಿನ್ನಬೇಕು? ಎಲ್ಲರಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಆದರೆ ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಿದೆ. ನಮ್ಮ ದೇಶದ ಸರಾಸರಿ ಊಟದಲ್ಲಿ ಶೇ 62ರಷ್ಟು ಕ್ಯಾಲೊರಿ ಬರೋದು ಕಾರ್ಬ್‌ನಿಂದ. ಹೊಸದಾಗಿ ಕಾಯಿಲೆ ಪತ್ತೆಯಾದವರು ಅದನ್ನು ಹಿಮ್ಮೆಟ್ಟಿಸಬೇಕಾದರೆ ಇದು ಶೇ 49ರಿಂದ 54ಕ್ಕೆ ಇಳಿಯಬೇಕು, ಪ್ರೋಟೀನ್ ಶೇ 20ರ ಹತ್ತಿರಕ್ಕೆ ಏರಬೇಕು ಅಂತ ಇದೇ ಅಧ್ಯಯನ 2022ರಲ್ಲಿ ಲೆಕ್ಕ ಕೊಟ್ಟಿತ್ತು. ಅಂದಾಜು ಅರ್ಧ ಅಂತ ಇಟ್ಟುಕೊಳ್ಳಿ. ಒಂದು ಗ್ರಾಂ ಕಾರ್ಬ್ ಅಂದರೆ 4 ಕ್ಯಾಲೊರಿ. ಕಿರಾಣಿ ಅಂಗಡಿಯಲ್ಲಿ ಕೂತು ದಿನ ಕಳೆಯುವವರಿಗೆ 1,600 ಕ್ಯಾಲೊರಿ ಸಾಕು ಅಂದರೆ, ಅರ್ಧ 800. ಭಾಗಿಸು 4. ದಿನಕ್ಕೆ 200 ಗ್ರಾಂ ಕಾರ್ಬ್. ಬಿಸಿಲಲ್ಲಿ ಕಳೆ ತೆಗೆಯುವ, ಕಬ್ಬು ಕಡಿಯುವ ಕೂಲಿಕಾರನಿಗೆ 2,500 ಕ್ಯಾಲೊರಿ ಬೇಕು ಅಂದರೆ ಅದೇ ಅರ್ಧ 310 ಗ್ರಾಂ ದಾಟುತ್ತೆ.

ಇಲ್ಲೇ ಇರೋದು ನಿಜವಾದ ಸಮಸ್ಯೆ. ಎತ್ತಿನ ಹಿಂದೆ ದಿನವಿಡೀ ನಡೆದವರಿಗೆ ನಾಲ್ಕು ರೊಟ್ಟಿ ಬೇಕಿತ್ತು, ಅದು ಅಲ್ಲೇ ಕರಗುತ್ತಿತ್ತು. ಈಗ ಟ್ರ್ಯಾಕ್ಟರ್ ಬಂದಿದೆ, ಬೈಕ್ ಬಂದಿದೆ. 2013ರಿಂದ ಅನ್ನಭಾಗ್ಯದ ಅಕ್ಕಿ ಬಂದಿದೆ. ಹಸಿವು ನೀಗಿಸಿದ ಅಕ್ಕಿ ಅದು, ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಎಷ್ಟೋ ಮನೆಗಳಲ್ಲಿ ಅಕ್ಕಿ ರೊಟ್ಟಿಯ ಜಾಗಕ್ಕೆ ಬರಲಿಲ್ಲ, ರೊಟ್ಟಿಯ ಮೇಲೆ ಬಂತು. ದುಡಿಮೆ ಇಳಿಯಿತು, ತಾಟು ದೊಡ್ಡದಾಯಿತು.

ಸರಿ, ರೊಟ್ಟಿ ಕಡಿಮೆ ಮಾಡಿದರೆ ಹೊಟ್ಟೆ ತುಂಬೋದು ಹೇಗೆ? ಉತ್ತರ ವಿಜಯಪುರದ ತಾಟಿನಲ್ಲೇ ಇದೆ. ಹೆಸರುಕಾಳು, ಮಡಕಿಕಾಳು, ಝುಣಕ, ಶೇಂಗಾ ಹಿಂಡಿ, ಮೊಸರು, ಪುಂಡಿಪಲ್ಯ, ಮೆಂತ್ಯ, ಹಕ್ಕರಕಿ, ಸೌತೆಕಾಯಿ. ತಿನ್ನುವವರಿಗೆ ಮೊಟ್ಟೆ. ತಾಟಿನ ಅರ್ಧ ಭಾಗ ಪಲ್ಯ, ತರಕಾರಿ. ಕಾಲು ಭಾಗ ಕಾಳು ಅಥವಾ ಮೊಟ್ಟೆ. ಉಳಿದ ಕಾಲು ಭಾಗ ರೊಟ್ಟಿ. ರೊಟ್ಟಿ ಇದ್ದರೆ ಅನ್ನ ಬೇಡ, ಅನ್ನ ಬೇಕಾದರೆ ಒಂದು ರೊಟ್ಟಿ ಬಿಡಿ. ಪಲ್ಯ, ಕಾಳು ಮೊದಲು ತಿಂದು ಆಮೇಲೆ ರೊಟ್ಟಿಗೆ ಕೈ ಹಾಕಿದರೆ ಊಟದ ನಂತರ ಸಕ್ಕರೆ ಏರೋದು ತಗ್ಗುತ್ತೆ. ಕಾಳಿನಲ್ಲೂ ಕಾರ್ಬ್ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಡಿಯ ಲಿಂಬೆ ಹಣ್ಣಿನ ಶರಬತ್ತು ಕುಡೀರಿ, ಸಕ್ಕರೆ ಬದಲು ಉಪ್ಪು ಹಾಕಿ.

ನಿಮ್ಮ ಪ್ರಮಾಣ ಸರಿ ಇದೆಯಾ ಅಂತ ಹೇಳೋದು ಗ್ಲುಕೋಮೀಟರ್. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ತಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ ಇರಬೇಕು ಅಂತಾರೆ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಡಾಕ್ಟರ್ ಬೇರೆ ಗುರಿ ಕೊಡ್ತಾರೆ. ಮೂರು ರೊಟ್ಟಿಗೆ 230 ಬಂತು ಅಂದರೆ ಎರಡು ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ದಿನ. ಪಕ್ಕದ ಮನೆಯವರಿಗೆ ಹೊಂದಿದ್ದು ನಿಮಗೆ ಹೊಂದಬೇಕಿಲ್ಲ. ಮೀಟರ್ ಇಲ್ಲದವರು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ ಹೋಗಿ, 30 ದಾಟಿದವರಿಗೆ ಸರ್ಕಾರವೇ ಸಕ್ಕರೆ ತಪಾಸಣೆ ಮಾಡುತ್ತೆ.

ಕೊನೆಗೆ ಒಂದು ಎಚ್ಚರಿಕೆ. ಈ ಲೇಖನ ಓದಿ ನಾಳೆಯಿಂದಲೇ ರೊಟ್ಟಿ ಅರ್ಧ ಮಾಡಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಕಾರ್ಬ್ ಇಳಿಸಿ ಔಷಧಿ ಹಾಗೇ ಇಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಕ, ಬೆವರು, ತಲೆ ತಿರುಗು ಬಂದರೆ ತಕ್ಷಣ ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ನೋಡಿ. ಡಪಾಗ್ಲಿಫ್ಲೊಜಿನ್ ಥರದ ಮಾತ್ರೆಯಲ್ಲಿರುವವರು ಕಾರ್ಬ್ ಪೂರ್ತಿ ಬಿಡೋದು ಇನ್ನೂ ಅಪಾಯ. ಕಿಡ್ನಿ ತೊಂದರೆ ಇದ್ದವರು ಕಾಳು, ಮೊಟ್ಟೆ ಹೆಚ್ಚು ಮಾಡೋ ಮುಂಚೆ ಕೇಳಿ. ಮೊದಲು ಡಾಕ್ಟರ್ ಮುಂದೆ ನಿಮ್ಮ ಲೆಕ್ಕದ ಚೀಟಿ ಇಡಿ, ಔಷಧಿ ಮತ್ತು ರೊಟ್ಟಿ ಎರಡೂ ಒಟ್ಟಿಗೆ ಇಳಿಯಲಿ.

ಮತ್ತೆ ಮನೆಯವರಿಗೆ ಒಂದು ಮಾತು. "ಇನ್ನೊಂದು ಹಾಕ್ಲೇನ್ರೀ?" ಅಂತ ಒತ್ತಾಯ ಮಾಡೋದು ನಮ್ಮ ಕಡೆಯ ಪ್ರೀತಿ. ಇನ್ನು ಮೇಲೆ ಆ ಪ್ರೀತಿಯಲ್ಲಿ ಪಲ್ಯ ಬಡಿಸಿ.